ಸಮಸಮ ಸಮಿತಿ, ಬಿಸಿಬಿಸಿ ಸಮೋಸ

ಕಾರ್ಖಾನೆಯಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸರಿಸಮನಾಗಿ ಕೂರುವ ಜಾಗ ಒಂದಿದೆ. ಅದು ಸುರಕ್ಷತಾ ಸಮಿತಿಯ ಸಭೆ. ತಮಾಷೆಯಲ್ಲ, 1948ರ ಕಾರ್ಖಾನೆ ಕಾಯ್ದೆಯ 41-ಜಿ ಕಲಮೇ ಹಾಗೆ ಹೇಳಿತ್ತು. ಅಪಾಯದ ಕೆಲಸ ನಡೆಯುವ ಕಡೆ ಇಂಥ ಸಮಿತಿ ಇರಲೇಬೇಕಿತ್ತು, ಎರಡೂ ಕಡೆಯವರ ಸಂಖ್ಯೆ ಸಮ ಇರಬೇಕಿತ್ತು. ಕಲಮು ಸೇರಿದ್ದು 1987ರಲ್ಲಿ. ಭೋಪಾಲದಲ್ಲಿ ವಿಷಾನಿಲ ಸೋರಿದ್ದು 1984ರ ಡಿಸೆಂಬರ್‌ನಲ್ಲಿ. ಅಪಾಯ ಕಾದಿದೆ ಅಂತ ಅಲ್ಲಿನ ಯೂನಿಯನ್ನಿನವರು 1982ರಲ್ಲೇ ಪೋಸ್ಟರ್ ಅಂಟಿಸಿದ್ದರು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಇರಲಿ, ಬಾಗಿಲಾದರೂ ಬಂತಲ್ಲ.

ಸಂಖ್ಯೆ ಸಮ ಅಂದೆನಲ್ಲ. ಅಧ್ಯಕ್ಷರು ಮಾತ್ರ ಆಡಳಿತದ ಕಡೆಯ ಹಿರಿಯ ಅಧಿಕಾರಿ. ಕಾರ್ಯದರ್ಶಿ ಸೇಫ್ಟಿ ಆಫೀಸರ್, ಅವರಿಗೆ ಸಂಬಳ ಕೊಡುವುದೂ ಆಡಳಿತವೇ. ಉಳಿದ ಸಮಾನತೆಯನ್ನು ಕಾರ್ಮಿಕರು ಧಾರಾಳವಾಗಿ ಅನುಭವಿಸಬಹುದು.

ಪೀಣ್ಯದ ಯಾವುದೋ ಒಂದು ಕಾರ್ಖಾನೆ ಅಂದುಕೊಳ್ಳಿ. ಒಂದು ಮೂಲೆಯಲ್ಲಿ ಆಸಿಡ್ ತೊಟ್ಟಿಗಳು, ಇನ್ನೊಂದು ಕಡೆ ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗಳ ಸಾಲು. ಮೂರು ತಿಂಗಳಿಗೊಮ್ಮೆ ಸಭೆ. ನಡಾವಳಿ ಹಿಂದಿನ ದಿನವೇ ಟೈಪ್ ಆಗಿರುತ್ತದೆ, ಅದೂ ಇಂಗ್ಲಿಷಿನಲ್ಲಿ. 'ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ' ಅನ್ನುವ ಸಾಲು ಮೂರು ಸಲ ಬರುತ್ತದೆ. ಕಾರ್ಮಿಕ ಪ್ರತಿನಿಧಿ ಸಹಿ ಹಾಕುವಾಗ ಬೆರಳಿನ ಸಮೋಸದ ಎಣ್ಣೆ ಕಾಗದಕ್ಕೆ ಹತ್ತುತ್ತದೆ. ಇಡೀ ದಾಖಲೆಯಲ್ಲಿ ನಿಜವಾಗಿ ನಡೆದದ್ದಕ್ಕೆ ಸಾಕ್ಷಿ ಅದೊಂದೇ.

ಸಭೆ ನಡೆಯುವ ರೂಮಿನಿಂದ ಇಪ್ಪತ್ತು ಹೆಜ್ಜೆ ಆಚೆ ಪ್ರೆಸ್ ಇದೆ. ಅದಕ್ಕೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾಗ ಕೆಳಗೆ ಬಡಿಯಬೇಕು. ಕೈ ಬಟನ್ ಮೇಲಿದ್ದರೆ ಡೈ, ಅಂದರೆ ಅಚ್ಚಿನ ಒಳಗೆ ಇರೋಕಾಗಲ್ಲ, ಅಲ್ವಾ? ಒಳ್ಳೆ ಉಪಾಯ. ಆದರೆ ಎರಡು ಕೈ ಬಳಸುತ್ತಾ ಕೂತರೆ ಟಾರ್ಗೆಟ್ ಮುಟ್ಟಲ್ಲ. ಹಾಗಾಗಿ ಎಡಗಡೆಯ ಬಟನ್ ಸಂದಿಗೆ ಒಂದು ವಾಷರ್ ತುರುಕಿ ಮೇಲೆ ಟೇಪ್ ಸುತ್ತಿದ್ದಾರೆ. ಟೇಪ್ ಹಳೆಯದಾದರೆ ಹೊಸದನ್ನು ಸ್ಟೋರ್ಸ್‌ನಿಂದಲೇ ಕೊಡುತ್ತಾರೆ, ಇಂಡೆಂಟ್ ಅನ್ನುವ ಬೇಡಿಕೆ ಚೀಟಿ ಹಾಕಿದರೆ ಸಾಕು. ಸಮಿತಿಯಲ್ಲಿ ಇದರ ಚರ್ಚೆ ಬಂದಿಲ್ಲ. ಹೆಲ್ಮೆಟ್ ಬಣ್ಣದ ಬಗ್ಗೆ ಬಂದಿತ್ತು, ಜೋರಾಗಿಯೇ.

ಬೆರಳು ಹೋಯಿತು ಅಂದುಕೊಳ್ಳಿ. ಆಗ ತುರ್ತು ಸಭೆ. ಮೊದಲ ಪ್ರಶ್ನೆ, ಹುಡುಗ ನಮ್ಮವನಾ? ಅಲ್ಲ, ಕಾಂಟ್ರಾಕ್ಟರ್ ಕಡೆಯವನು. ಎಲ್ಲರೂ ಉಸಿರು ಬಿಡುತ್ತಾರೆ, ಕಾರ್ಮಿಕರ ಕಡೆಯವರೂ. ಅವರೆಲ್ಲ ಪರ್ಮನೆಂಟ್, ಯೂನಿಯನ್ ಕಾರ್ಡ್ ಇರುವವರು. ಕಾಂಟ್ರಾಕ್ಟರ್ ಮೂಲಕ ಬಂದವನೂ ಕಾರ್ಮಿಕನೇ ಅಂತ ಅದೇ ಕಾಯ್ದೆ ಹೇಳಿತ್ತು. ಆದರೆ ಕಾಯ್ದೆಯನ್ನು ಪೂರ್ತಿ ಓದುತ್ತಾ ಕೂತರೆ ಸಮೋಸ ಆರಿಹೋಗುತ್ತದೆ. ಕಾರಣ, ಆಪರೇಟರ್‌ನ ಅಜಾಗರೂಕತೆ. ಪರಿಹಾರ, ತರಬೇತಿ. ಹುಡುಗ ಒಡಿಶಾದವನು, ತರಬೇತಿ ಇಂಗ್ಲಿಷ್ ಸ್ಲೈಡಿನಲ್ಲಿ, ಗೋಡೆಯ ಎಚ್ಚರಿಕೆ ಕನ್ನಡದಲ್ಲಿ. ಗೇಟಿನ ಹತ್ತಿರ 'ಅಪಘಾತವಿಲ್ಲದ ದಿನಗಳು' ಅನ್ನುವ ಬೋರ್ಡಿದೆಯಲ್ಲ, ಅದರ ಲೆಕ್ಕ ಹಾಗೇ ಮುಂದುವರಿಯುತ್ತದೆ. ನಮ್ಮವನಲ್ಲದವನ ಬೆರಳು ನಮ್ಮ ಬೋರ್ಡಿಗೆ ಬರಲ್ಲ.

ಮಾರ್ಚ್ 4 ಬಂದರೆ ಸಂಭ್ರಮ ನೋಡಬೇಕು. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನ ಅದು. ಎಲ್ಲರ ಎದೆಗೂ ಬ್ಯಾಡ್ಜ್. ಪ್ರತಿಜ್ಞೆಗೆ ಕೈ ಮುಂದೆ ಚಾಚಬೇಕು. ಘೋಷವಾಕ್ಯ ಸ್ಪರ್ಧೆಯಲ್ಲಿ ಗೆದ್ದವರಿಗೆ ಪ್ರೆಶರ್ ಕುಕ್ಕರ್. ಕುಕ್ಕರಿಗೆ ಸೇಫ್ಟಿ ವಾಲ್ವ್ ಇದೆ, ಅದಕ್ಕೆ ಯಾರೂ ಟೇಪ್ ಸುತ್ತಿಲ್ಲ.

ಇನ್‌ಸ್ಪೆಕ್ಟರ್ ಬಂದರೆ ಕೇಳುವುದು ರಿಜಿಸ್ಟರ್. ರಿಜಿಸ್ಟರ್ ಪಕ್ಕಾ ಇದೆ, ಬೈಂಡಿಂಗ್ ಕೂಡ ಗಟ್ಟಿ.

ಈಗ 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ ಸರ್ಕಾರ ಆದೇಶ ಹೊರಡಿಸಿ ಸಮಿತಿ ಮಾಡಿಸಬಹುದು. ಸಮಿತಿಯಲ್ಲಿ ಕಾರ್ಮಿಕರ ಕಡೆಯವರು ಮಾಲೀಕರ ಕಡೆಯವರಿಗಿಂತ ಕಡಿಮೆ ಇರುವಂತಿಲ್ಲ. ಅಂದರೆ ಜಾಸ್ತಿ ಇರಬಹುದು! ನಮ್ಮ ಅಧ್ಯಕ್ಷರು ಇದನ್ನು ಎರಡು ಸಲ ಓದಿ, ಸ್ವಲ್ಪ ಯೋಚಿಸಿ, ಕ್ಯಾಂಟೀನಿಗೆ ಫೋನ್ ಮಾಡಿದರು: "ಮುಂದಿನ ಸಭೆಗೆ ಸಮೋಸ ಎರಡು ಜಾಸ್ತಿ ಇರಲಿ."