ಕೊಡಗಿನ ಕಾಫಿ ಗೋದಾಮಿನ ತೇವ ಹೀರಲು ಅಯಾನಿಕ ದ್ರವ ತಕ್ಕುದೇ?

ಪರ

ಕಕ್ಕಡದ ಮಳೆ ಹಿಡಿದ ದಿನಗಳಲ್ಲಿ ನಾಪೋಕ್ಲು, ಭಾಗಮಂಡಲದ ಕಡೆಯ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆದರೆ, ಹರಳುಗಳು ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ನೀರು ನಿಂತಿರುವುದು ಕಾಣುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಕರಗತೊಡಗುತ್ತದೆ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಅದು ಒಣಗಿ ಉಳಿಯುವುದಾದರೂ ಹೇಗೆ?

ಅಯಾನಿಕ ದ್ರವಗಳೂ ಉಪ್ಪುಗಳೇ. ಅವುಗಳ ಧನ ಅಯಾನು, ಅಂದರೆ ಧನ ವಿದ್ಯುದಾವೇಶ ಹೊತ್ತ ಕಣ, ಸಾಮಾನ್ಯವಾಗಿ ದೊಡ್ಡದೂ ಓರೆಕೋರೆಯೂ ಆಗಿರುವುದರಿಂದ ಅಚ್ಚುಕಟ್ಟಾದ ಹರಳಾಗಿ ಜೋಡಿಕೊಳ್ಳಲಾರದೆ, 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ದ್ರವವಾಗಿಯೇ ಇರುತ್ತವೆ. ಪಾಲ್ ವಾಲ್ಡನ್ 1914ರಲ್ಲಿ ವರ್ಣಿಸಿದ ಈಥೈಲ್ ಅಮೋನಿಯಂ ನೈಟ್ರೇಟ್ ಕರಗುವುದು ಸುಮಾರು 12 ಡಿಗ್ರಿಯಲ್ಲಿ. ನೀರನ್ನು ಹಿಡಿಯುವ ಕೆಲಸ ಮುಖ್ಯವಾಗಿ ಋಣ ಅಯಾನಿನದು. ಅದು ವಿನೆಗರಿನ ಆಮ್ಲದಿಂದ ಬರುವ ಅಸಿಟೇಟ್ ಆಗಿದ್ದರೆ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಅದಕ್ಕೆ ಬಲವಾಗಿ ಅಂಟಿಕೊಳ್ಳುತ್ತವೆ. ನೀರು ಕಡಿಮೆಯಿರುವಾಗ ಅಣುಗಳು ಅಯಾನುಗಳ ನಡುವೆ ಒಂಟೊಂಟಿಯಾಗಿ ಸಿಕ್ಕಿಕೊಂಡಿದ್ದು, ಹೆಚ್ಚಿದಂತೆ ಗುಂಪುಗೂಡಿ ಜಾಲವಾಗುತ್ತವೆ. ಒಣ ದ್ರವ ಗಟ್ಟಿ ಬೆಲ್ಲದ ಪಾಕದಂತೆ ಮಂದವಾಗಿದ್ದರೂ, ನೀರು ಸೇರುತ್ತಲೇ ತೆಳುವಾಗಿ, ಮೇಲ್ಮೈಯಲ್ಲಿ ಹೀರಿದ್ದು ಒಳಕ್ಕೆ ಸರಿಯುವ ವೇಗವೂ ಏರುತ್ತದೆ. ಕುಡಿದಷ್ಟೂ ಕುಡಿಯುವುದು ಸಲೀಸಾಗುವ ಪದಾರ್ಥವಿದು.

ಗೋದಾಮಿಗೆ ಇದರಿಂದ ಏನು ಲಾಭ? ರೊಬಸ್ಟಾ ಚೆರ್ರಿಯನ್ನು ಶೇ. 11ರ ತೇವಾಂಶಕ್ಕೆ ಒಣಗಿಸಿ 50 ಕಿಲೋ ತುಂಬಿದ ಗೋಣಿಚೀಲ ಮಳೆಗಾಲದಲ್ಲಿ ಶೇ. 13ಕ್ಕೆ ಏರಿತೆಂದರೆ, ಒಂದೊಂದು ಚೀಲವೂ ಹೊಸದಾಗಿ ಒಂದು ಲೀಟರಿಗಿಂತ ಹೆಚ್ಚು ನೀರು ಹೀರಿದೆ ಎಂದರ್ಥ. ಅಲ್ಲಿಂದ ಮುಂದೆ ಬರುವುದು ಬೂಷ್ಟು ಮತ್ತು ಮುಗ್ಗಲು ವಾಸನೆ. ತೇವ ಹೀರಲು ಕಾರ್ಖಾನೆಗಳಲ್ಲಿ ಬಳಸುವ ಲಿಥಿಯಂ ಕ್ಲೋರೈಡ್ ದ್ರಾವಣ ಲೋಹವನ್ನು ತಿನ್ನುತ್ತದೆ, ಹೆಚ್ಚು ಸಾಂದ್ರವಾದರೆ ಕೊಳವೆಯಲ್ಲೇ ಹರಳುಗಟ್ಟುತ್ತದೆ. ಸರಿಯಾಗಿ ಆರಿಸಿದ ಅಯಾನಿಕ ದ್ರವಕ್ಕೆ ಹರಳುಗಟ್ಟುವ ಕಾಟವಿಲ್ಲ, ಲೋಹವನ್ನು ತಿನ್ನುವುದೂ ಕಡಿಮೆ. ಅದು ಆವಿಯಾಗುವುದು ಇಲ್ಲವೆನ್ನುವಷ್ಟು ಅಲ್ಪವಾದ್ದರಿಂದ, ಸುತ್ತಲಿನ ವಾಸನೆಯನ್ನೆಲ್ಲ ಹಿಡಿದುಕೊಳ್ಳುವ ಕಾಫಿಯ ಪಕ್ಕದಲ್ಲಿ ಇಡಲು ಯೋಗ್ಯವಾದುದು.

ವಿರೋಧ

ಹೀರುವ ಮಾತನ್ನು ಒಪ್ಪೋಣ. ಆದರೆ ಹೀರಿದ್ದನ್ನು ಬಿಡಿಸುವವರು ಯಾರು?

ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಹೆಂಚಿನ ಮಾಡಿನ ಗೋದಾಮೊಂದನ್ನು ಲೆಕ್ಕಕ್ಕೆ ಹಿಡಿಯಿರಿ. 20 ಡಿಗ್ರಿಯ ಗಾಳಿಯ ಆರ್ದ್ರತೆಯನ್ನು ಶೇ. 90ರಿಂದ 60ಕ್ಕೆ ಇಳಿಸಲು ಪ್ರತಿ ಘನ ಮೀಟರಿಗೆ ಸುಮಾರು ಐದು ಗ್ರಾಂ ನೀರು ತೆಗೆಯಬೇಕು. ಇಡೀ ಗೋದಾಮಿಗೆ ಒಂದೂವರೆ ಲೀಟರಿನ ಆಸುಪಾಸು. ಇಷ್ಟೇ ಆಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹೆಂಚಿನ ಸಂದು, ಬಾಗಿಲಿನ ಬಿರುಕುಗಳಿಂದ ಗಂಟೆಗೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗುವುದೆಂದು ಭಾವಿಸಿದರೆ, ದಿನಕ್ಕೆ ಮೂವತ್ತೆಂಟು ಲೀಟರ್ ಆಗುತ್ತದೆ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.67 ಯೂನಿಟ್ ಶಾಖ ಬೇಕು. ಅಂದರೆ ದ್ರವವನ್ನು ಒಣಗಿಸುವುದಕ್ಕೇ ದಿನಕ್ಕೆ ಇಪ್ಪತ್ತೈದು ಯೂನಿಟ್‌ಗಳಷ್ಟು ಶಾಖ, ಅದೂ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ತಿಂಗಳುಗಳಲ್ಲಿ! ನೀರು ಅಯಾನನ್ನು ಬಲವಾಗಿ ಹಿಡಿದಷ್ಟೂ ಬಿಡಿಸುವ ಖರ್ಚೂ ಹೆಚ್ಚುತ್ತದೆಂಬುದನ್ನು ಪರ ವಹಿಸಿದವರು ಹೇಳದೆ ಬಿಟ್ಟರು. ಹೀರುವಾಗ ದ್ರವವೂ ಬಿಸಿಯಾಗುತ್ತದೆ, ಬಿಸಿಯಾದ ದ್ರವ ಕಡಿಮೆ ಹೀರುತ್ತದೆ; ಆದ್ದರಿಂದ ತಣಿಸುವ ವ್ಯವಸ್ಥೆಯೂ ಬೇಕು.

ದ್ರವವನ್ನು ತೆಳು ಪೊರೆಯ ರಂಧ್ರಗಳಲ್ಲಿ ತುಂಬಿ, ಒಂದು ಬದಿಯಿಂದ ಹೀರಿ ಇನ್ನೊಂದು ಬದಿಯಿಂದ ಬಿಡುವಂತೆ ಮಾಡಬಹುದೆನ್ನುವುದೂ ನಿಜ. ಆದರೆ ನೀರಿನ ಆವಿ ತನ್ನ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಮಾತ್ರ ಸಾಗುತ್ತದೆ. ಜುಲೈಯಲ್ಲಿ ಗೋದಾಮಿನ ಹೊರಗೆ ಒಣ ಗಾಳಿ ಎಲ್ಲಿದೆ? ಪಂಪ್ ಇಟ್ಟು ನಿರ್ವಾತ ಮಾಡಬೇಕು.

ಇನ್ನು ಸೋರಿಕೆಯ ವಿಷಯ. ಇಮಿಡಜೋಲಿಯಂ ಎಂಬ ಧನ ಅಯಾನಿನ, ಉದ್ದದ ಇಂಗಾಲದ ಸರಪಳಿಯಿರುವ ಲವಣಗಳು ಜಲಚರಗಳಿಗೆ ವಿಷ. ಹೆಕ್ಸಾಫ್ಲೂರೋಫಾಸ್ಫೇಟ್ ಎಂಬ ಋಣ ಅಯಾನು ಇರುವವು ನೀರಿನೊಡನೆ ಒಡೆದು ಹೈಡ್ರೋಜನ್ ಫ್ಲೂರೈಡ್ ಎಂಬ ವಿಷಾನಿಲ ಹೊಮ್ಮಿಸಬಲ್ಲವು. ಅಸಿಟೇಟ್ ಇವಕ್ಕಿಂತ ಸೌಮ್ಯವೆಂದೇ ಇಟ್ಟುಕೊಳ್ಳೋಣ. ಆದರೂ ಆವಿಯಾಗದ ದ್ರವ ಚೆಲ್ಲಿದಲ್ಲಿಂದ ಗಾಳಿಗೆ ಹೋಗುವುದಿಲ್ಲ, ಮಳೆನೀರಿನೊಡನೆ ತೋಡಿಗೆ ಇಳಿಯುತ್ತದೆ, ಇಲ್ಲಿಯ ಹೆಚ್ಚಿನ ತೋಡುಗಳು ಕಾವೇರಿಯನ್ನೇ ಸೇರುತ್ತವೆ.

ಚೆರ್ರಿಯನ್ನು ಕಣದಲ್ಲಿ ಸರಿಯಾಗಿ ಒಣಗಿಸಿ, ಗೋಣಿಯೊಳಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲವಿಟ್ಟು ಬಾಯಿ ಬಿಗಿದು, ನೆಲಕ್ಕೂ ಗೋಡೆಗೂ ತಗಲದಂತೆ ಮರದ ಹಲಗೆಯ ಮೇಲೆ ಪೇರಿಸಿದರೆ, ಒಣಗಿಸಬೇಕಾದ ಗಾಳಿ ಚೀಲದೊಳಗಿನದಷ್ಟೇ.