ಹನ್ನೆರಡರ ಗಂಟೆ

ಮ್ಯೂನಿಕ್‌ನಿಂದ ಅರ್ಧ ಗಂಟೆ ದೂರದ ಊರಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಗೆ ಎಪ್ಪತ್ತೆಂಟು ವರ್ಷ. ಕಳೆದ ಮಾರ್ಚ್ 25ರ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದವರು ಮೆಟ್ಟಿಲಲ್ಲಿ ಸಿಕ್ಕಿ, “ಇವತ್ತು ದೇವರು ಮನುಷ್ಯನಾದ ದಿನ” ಎಂದರು. ನಾನು ದೊಡ್ಡ ತಿಳಿದವನ ಹಾಗೆ “ಅದು ಡಿಸೆಂಬರ್ 25 ಅಲ್ಲವೇ?” ಎಂದೆ. ಅವರು ಕೈಚೀಲ ಕೆಳಗಿಟ್ಟು, ಏಪ್ರಿಲ್, ಮೇ, ಜೂನ್ ಎಂದು ಒಂದೊಂದೇ ಬೆರಳು ಮಡಚುತ್ತ ಡಿಸೆಂಬರಿಗೆ ಬಂದು ನಿಂತರು. ಒಂಬತ್ತು. “ಬಸುರಿಯಾಗದೆ ಹೆರಲಿಕ್ಕಾಗುತ್ತದೆಯೇ?”

ಅವಮಾನ ಅಲ್ಲಿಗೇ ಮುಗಿಯಲಿಲ್ಲ. ಮಾತು ಮುಂದುವರಿದು, ನಮ್ಮೂರ ಇಗರ್ಜಿಯಲ್ಲೂ ಇಲ್ಲಿಯ ಹಾಗೆಯೇ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆಯುತ್ತಾರೆ ಎಂದೆ. “ಅದೂ ಇದೇ ಸುದ್ದಿ” ಎಂದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಆ ಗಂಟೆ ಹೇಳುವುದು ಒಂದೇ: ದೇವದೂತ ಮರಿಯಳ ಬಳಿ ಬಂದ, ವಾಕ್ಯ (ಅಂದರೆ ದೇವರೇ) ಮಾಂಸವಾಯಿತು, ನಮ್ಮ ನಡುವೆ ವಾಸಮಾಡಿತು.

ನಾನು ಹುಟ್ಟಿ ಬೆಳೆದದ್ದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಮಿಲಾಗ್ರಿಸ್ ಇಗರ್ಜಿಯ ಗಂಟೆ ಕೇಳಿಯೇ ನಮ್ಮ ಅಮ್ಮ ಅನ್ನ ಬಾಗಿಸುತ್ತಿದ್ದದ್ದು. ಸಂಜೆಯದ್ದು ಹೊಡೆದರೆ ನಾವು ಮಕ್ಕಳು ಕಾಲು ತೊಳೆದು ಒಳಗೆ. ಬೇಲಿಯಾಚೆ ಬಾಯಮ್ಮ ಮೀನು ಕೊಯ್ಯುತ್ತಿದ್ದರೂ ಕತ್ತಿ ಬದಿಗಿಟ್ಟು ಶಿಲುಬೆಯ ಗುರುತು ಮಾಡಿ ಏನೋ ಗುನುಗುತ್ತಿದ್ದರು. ಆ ಪ್ರಾರ್ಥನೆಗೆ ಆಮೊರಿ ಎನ್ನುತ್ತಾರೆಂದು ಗೊತ್ತಿತ್ತು, ಅಷ್ಟೆ. ಇಪ್ಪತ್ತು ವರ್ಷ ದಿನಕ್ಕೆ ಮೂರು ಸಲ ನನ್ನ ಕಿವಿಗೆ ಹೊಡೆದು ಹೇಳಿದ್ದನ್ನು ತಿಳಿಯಲು ನಾನು ಜರ್ಮನಿಯ ಬವೇರಿಯಾಕ್ಕೆ ಬರಬೇಕಾಯಿತು.

ಮುಖ ಉಳಿಸಿಕೊಳ್ಳಲು, “ನಮ್ಮಲ್ಲೂ ಇದೆ, ಅವತಾರ ಎನ್ನುತ್ತೇವೆ, ಹತ್ತು” ಎಂದೆ. ಮನೆಯೊಡತಿ ಅಜ್ಜಿ ಸ್ವಲ್ಪ ಯೋಚಿಸಿ ಕೇಳಿದರು: “ನಿಮ್ಮ ದೇವರಿಗೆ ಹಲ್ಲುನೋವು ಬರುತ್ತಿತ್ತೇ?”

ಈ ಪ್ರಶ್ನೆಗೆ ನಮ್ಮಜ್ಜನಲ್ಲಿ ಉತ್ತರ ಸಿದ್ಧವಿತ್ತು: ಇಲ್ಲ. ಮಧ್ವಾಚಾರ್ಯರ ಊರಿನವರು ನಾವು. ಅವತಾರದ ದೇಹ ಅಪ್ರಾಕೃತ, ನಮ್ಮ ಮೈಯಂಥದ್ದಲ್ಲ, ಮೂಲರೂಪಕ್ಕೂ ಅದಕ್ಕೂ ಭೇದವಿಲ್ಲ, ಹಸಿವು ನೋವು ಅದಕ್ಕೆ ತಟ್ಟುವುದಿಲ್ಲ. ಸೀತೆಗಾಗಿ ರಾಮ ಕಾಡಿನಲ್ಲಿ ಅತ್ತದ್ದು ಕೇಳಿ ನನಗೆ ಕಣ್ಣು ತುಂಬಿದರೆ ಅಜ್ಜ ನಗುತ್ತಿದ್ದರು: “ಅದು ಅಸುರರನ್ನು ಮರುಳು ಮಾಡಲಿಕ್ಕೆ ಮಾರಾಯ. ದೇವರಿಗೆ ಎಂಥ ದುಃಖ?”

ಮನೆಯೊಡತಿ ಅಜ್ಜಿಯ ಪ್ರಕಾರ ಆ ಅಳು ನಿಜವಾಗದಿದ್ದರೆ ಕತೆಯೇ ಬೇಡ. ಅವರ ದೇವರು ಯೇಸು ಬಾವಿಕಟ್ಟೆಯಲ್ಲಿ ಬಾಯಾರಿ ಕೂತ, ದೋಣಿಯಲ್ಲಿ ದಣಿದು ನಿದ್ದೆಹೋದ, ಲಾಜರನ ಸಮಾಧಿಯೆದುರು ಅತ್ತ, ಕೊನೆಗೆ ಸತ್ತ. ಮೈ ಬರೀ ತೋರಿಕೆಯದ್ದು ಎಂದವರು ಮೊದಲ ಶತಮಾನಗಳಲ್ಲೇ ಇದ್ದರು, ಅವರನ್ನು ಕ್ರೈಸ್ತ ಸಭೆ ಒಪ್ಪಲಿಲ್ಲ (ನಮ್ಮಜ್ಜನನ್ನೂ ಹೊರಗೆ ಹಾಕುತ್ತಿದ್ದರು). ಆತ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದವರನ್ನು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರು ತಳ್ಳಿಹಾಕಿದರು. 451ರಲ್ಲಿ ಕಾಲ್ಸೆಡನ್‌ನಲ್ಲಿ ಕೂತು ಬರೆದರು: ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೂ ಒಬ್ಬನೇ, ಎರಡೂ ಬೆರೆತು ಮೂರನೆಯದಾಗುವುದಿಲ್ಲ, ಒಂದನ್ನೊಂದು ಬಿಡುವುದೂ ಇಲ್ಲ. ಇಷ್ಟು ಹಠ ಯಾಕೆಂದು ಕೇಳಿದೆ. “ಅವನು ನಮ್ಮಂತೆ ಆಗದಿದ್ದರೆ ನಮಗೇನು ಸಿಕ್ಕಿತು?” ಎಂದರು.

ಆಮೇಲೆ ಬಹಳ ದಿನ ನನ್ನ ತಲೆಯಲ್ಲಿ ನಮ್ಮೂರ ಭೂತಕೋಲದ ಕಾಲ್ಗಗ್ಗರದ ಸದ್ದು. ದೈವ ಮಾಯದಿಂದ ಜೋಗಕ್ಕೆ, ಅಂದರೆ ಕಾಣದ ಲೋಕದಿಂದ ಮನುಷ್ಯನ ಮೈಮೇಲೆ, ಬರುತ್ತದೆ, ನಮ್ಮ ಕಷ್ಟ ಕೇಳುತ್ತದೆ, ಅಭಯ ಕೊಡುತ್ತದೆ, ಬೆಳಗಾಗುವಾಗ ಹೋಗುತ್ತದೆ. ಕೋಲ ಕಟ್ಟಿದವನು ಬಣ್ಣ ತೊಳೆದು ಚಾ ಕುಡಿಯುತ್ತಾನೆ. ಕೃಷ್ಣನೂ ಬೇಡನ ಬಾಣದ ನೆಪ ಮಾಡಿ ಹೊರಟ. ನಮ್ಮ ದೇವರುಗಳಿಗೆ ಹಿಂದಿರುಗುವ ದಾರಿ ಇದೆ, ಮತ್ತೆ ಬರುವ ದಾರಿಯೂ ಇದೆ. ಇವರದ್ದು ಒಂದೇ ಸಲ, ಮತ್ತು ಆದ ಮೈಯನ್ನು ಆತ ಕಳಚಲೇ ಇಲ್ಲ, ಎದ್ದದ್ದೂ ಸ್ವರ್ಗಕ್ಕೆ ಏರಿದ್ದೂ ಅದೇ ಮೈಯಲ್ಲಿ. ಮೈಮೇಲೆ ಬರುವುದು ಬೇರೆ, ಮೈಯೇ ಆಗುವುದು ಬೇರೆ. ಇಷ್ಟು ದೊಡ್ಡ ಅಂತರ ಬೇಲಿಯಾಚೆಗೇ ಇತ್ತಲ್ಲ!

ನಮ್ಮೂರಿನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. “ದೇವರೊಬ್ಬ ನಾಮ ಹಲವು” ಎಂದುಬಿಟ್ಟರೆ ಮುಗಿಯಿತು, ನೆರೆಮನೆಯವರು ಏನು ನಂಬುತ್ತಾರೆಂದು ಕೇಳುವ ಕೆಲಸವೇ ಇಲ್ಲ. ಇಲ್ಲಿಯವರು ಕೇಳುತ್ತಾರೆ, ಮುಖಕ್ಕೆ ಹೊಡೆದ ಹಾಗೆ, ಮೆಟ್ಟಿಲಲ್ಲಿ ನಿಲ್ಲಿಸಿ. ಹಾಗೆ ನೋಡಿದರೆ ಕೇಳುವವರು ನಮ್ಮಲ್ಲಿಗೂ ಬಂದಿದ್ದರು, 1834ರಲ್ಲಿ ಮಂಗಳೂರಿಗೆ, ಬಾಸೆಲ್ ಮಿಷನ್ನಿನ ಪಾದ್ರಿಗಳು. ಅವರು ಕೇಳಿದ್ದು ತಿದ್ದಲಿಕ್ಕೆ, ಅದು ಬೇರೆ ಮಾತು. ಆದರೆ ಕೇಳಿದ್ದರಿಂದಲೇ ಆ ಮಿಷನ್ನಿನ ಕಿಟ್ಟೆಲರ ಕನ್ನಡ ನಿಘಂಟು ಹುಟ್ಟಿತು. ಅದೇ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರು. ಕನ್ನಡ ಬೈಬಲ್ಲಿನಲ್ಲೂ ಇರುವ ಪದ “ನರಾವತಾರ”. ಅಂದಮೇಲೆ ಅವತಾರ ಎಂದದ್ದು ನನ್ನೊಬ್ಬನ ತಪ್ಪಲ್ಲ ಎಂದು ಅಜ್ಜಿಗೆ ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಒಂದು ಮಾತು ಒಪ್ಪಬೇಕು, ಒಪ್ಪಲು ಮನಸ್ಸಿಲ್ಲದಿದ್ದರೂ. ಕ್ರಿಸ್‌ಮಸ್ಸಿಗೆ ಬಾಯಮ್ಮನ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಬರುವಾಗ ಎರಡು ಪೊಟ್ಟಣ ಇರುತ್ತಿತ್ತು. ನೂಲು ಸುತ್ತಿದ್ದರಲ್ಲಿ ಮೊಟ್ಟೆ ಹಾಕದ್ದು, ಬರೀ ಗುಳಿಯೊ, ತುಕ್ಡಿ. ಅದು ನಮ್ಮಜ್ಜಿಗೂ ಅಮ್ಮನಿಗೂ. ಕೊಕ್ಕಿಸ್ ಇದ್ದದ್ದು ನಮಗೆ, ಹಿತ್ತಿಲಲ್ಲಿ ತಿನ್ನಲಿಕ್ಕೆ. ಅಷ್ಟಮಿಗೆ ಅಮ್ಮ ಉಂಡೆ ಚಕ್ಕುಲಿ ಮಾಡಿದಾಗ ನೈವೇದ್ಯಕ್ಕೆ ಮೊದಲೇ ಒಂದು ಡಬ್ಬಿ ತೆಗೆದಿಡುತ್ತಿದ್ದಳು, ದೇವರಿಗಿಟ್ಟದ್ದನ್ನು ಬಾಯಮ್ಮ ತಿನ್ನುವುದಿಲ್ಲ ಎಂದು. ಇಲ್ಲಿ, ಎಲ್ಲವನ್ನೂ ಕೇಳುವ ನಮ್ಮ ಮನೆಯೊಡತಿಗೆ ಮೇಲಿನ ಮಹಡಿಯ ತುರ್ಕಿ ಸಂಸಾರದ ಮಕ್ಕಳ ಹೆಸರು ಗೊತ್ತಿಲ್ಲ.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, “ಇಗರ್ಜಿಯ ಗಂಟೆ ಯಾಕೆ ಹೊಡೆಯುತ್ತಾರೆ ಗೊತ್ತುಂಟಾ ನಿನಗೆ?”

“ಗೊತ್ತಿಲ್ಲದೆ ಎಂಥ? ದೇವರು ಮರಿಯಮ್ಮನ ಹೊಟ್ಟೆಗೆ ಬಂದದ್ದಕ್ಕೆ. ನೀನು ಹೊಟ್ಟೆಯಲ್ಲಿರುವಾಗಲೇ ಬಾಯಮ್ಮ ಹೇಳಿದ್ರು.”

“ಮತ್ತೆ ನನಗೆ ಹೇಳಲೇ ಇಲ್ಲ?”

“ನೀನು ಯಾವಾಗ ಕೇಳಿದ್ದೆ?” ಸ್ವಲ್ಪ ತಡೆದು, “ಪಾಪ, ಅವರ ದೇವರಿಗೆ ಹಸಿವೂ ಆಗ್ತಿತ್ತಂತೆ” ಎಂದಳು. ಆಮೇಲೆ ಅನ್ನ ಬಾಗಿಸಲಿಕ್ಕುಂಟು ಎಂದು ಫೋನ್ ಇಟ್ಟಳು.