ಎಂಆರ್‌ಪಿಯನ್ನು ಕಂಡವರುಂಟೇ?

ಕ್ಯಾಮೆರಾ ಡಬ್ಬಿಯ ಮೇಲೆ ಎಂಆರ್‌ಪಿ ಅಂತ ಒಂದು ಅಂಕಿ ಅಚ್ಚಾಗಿರುತ್ತದೆ. ಅಷ್ಟೂ ದುಡ್ಡು ಎಣಿಸಿಕೊಟ್ಟು ಕ್ಯಾಮೆರಾ ಕೊಂಡವರನ್ನು ಇನ್ನೂ ಯಾರೂ ನೋಡಿಲ್ಲ. ಇದ್ದರೂ ಅವರು ಹೆಂಡತಿಗೆ ಹೇಳಿರಲಾರರು. ಕಾನೂನೇನೋ ಕಟ್ಟುನಿಟ್ಟಾಗಿಯೇ ಇದೆ. ಪೊಟ್ಟಣದ ಸರಕಿಗೆ ಎಲ್ಲ ತೆರಿಗೆ ಸೇರಿಸಿದ ಗರಿಷ್ಠ ಬೆಲೆ ಮುದ್ರಿಸಲೇಬೇಕು, ಅದರ ಮೇಲೆ ಒಂದು ರೂಪಾಯಿ ಕೇಳಿದರೂ ಅಪರಾಧ. ಆದರೆ ಆ ಗರಿಷ್ಠ ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಕಂಪನಿಯವರ ಕಲ್ಪನಾಶಕ್ತಿಗೆ ಬಿಟ್ಟಿದ್ದಾರೆ. ಕಲ್ಪನೆ ಎತ್ತರಕ್ಕೆ ಹಾರಿದಷ್ಟೂ ರಿಯಾಯಿತಿ ಧಾರಾಳ. ಇಲ್ಲದ ಬೆಲೆಯಲ್ಲಿ ಇಪ್ಪತ್ತು ಸಾವಿರ ಕಡಿದು, 'ಇನ್‌ಸ್ಟಂಟ್ ಕ್ಯಾಶ್‌ಬ್ಯಾಕ್' ಅಂತ ಕೆಂಪಕ್ಷರದಲ್ಲಿ ಬರೆದರೆ ಸಾಕು, ಗಿರಾಕಿ ಇಪ್ಪತ್ತು ಸಾವಿರ ದುಡಿದ ಹುಮ್ಮಸ್ಸಿನಲ್ಲಿ ಹನ್ನೆರಡು ಕಂತಿಗೆ ಸಹಿ ಹಾಕಿ ಬರುತ್ತಾನೆ.

ಅಂಗಡಿಯವರ ಮಾತಿನಲ್ಲಿ ಈ ಎಂಆರ್‌ಪಿಗೆ ಜಾಗವೇ ಇಲ್ಲ. ಅಲ್ಲಿ ಓಡಾಡುವುದು ಡಿಪಿ, ಎಂಒಪಿ, ಎನ್‌ಎಲ್‌ಸಿ. ಮಾಲು ಎತ್ತುವಾಗ ಡೀಲರಿಗೆ ಬೀಳುವ ಬೆಲೆ ಡಿಪಿ. ಎಲ್ಲರೂ ಇಷ್ಟಕ್ಕೇ ಮಾರಿ, ಕಿತ್ತಾಡಬೇಡಿ ಅಂತ ಕಂಪನಿ ಕಿವಿಯಲ್ಲಿ ಉಸುರುವುದು ಎಂಒಪಿ. ಟಾರ್ಗೆಟ್ಟು, ಸ್ಕೀಮು, ಕಾದು ಕಾದು ಸುಸ್ತಾದ ಮೇಲೆ ಕಂಪನಿ ವಾಪಸು ಕೊಡುವ ದುಡ್ಡಿನ ಚೀಟಿಯಾದ ಕ್ರೆಡಿಟ್ ನೋಟು, ಇವನ್ನೆಲ್ಲ ಕಳೆದ ಮೇಲೆ ಉಳಿಯುವ ಅಸಲೇ ಎನ್‌ಎಲ್‌ಸಿ. ಹಾಗಾಗಿ "ಸಾರ್, ನಿಮ್ಮಾಣೆ, ಇದರಲ್ಲಿ ನನಗೆ ಐನೂರು ರೂಪಾಯಿನೂ ಗಿಟ್ಟಲ್ಲ" ಅಂತ ಡೀಲರು ಹೇಳಿದರೆ ನಂಬಬೇಕು. ಎಷ್ಟು ಗಿಟ್ಟಿತು ಅನ್ನುವುದು ಅವನಿಗೂ ಮುಂದಿನ ಕ್ವಾರ್ಟರ್ ತನಕ ತಿಳಿಯುವುದಿಲ್ಲ. ಕ್ರೆಡಿಟ್ ನೋಟು ಬಂದರೆ ವ್ಯಾಪಾರ, ಬರದಿದ್ದರೆ ಸಮಾಜಸೇವೆ.

ಸಮಾಜಸೇವೆಯ ಖರ್ಚು ಎಲ್ಲಿಂದ ಹುಟ್ಟುತ್ತದೆ ಅಂತ ನೋಡಬೇಕಿದ್ದರೆ ಬಿಲ್ಲಿಂಗ್ ಕೌಂಟರಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲಬೇಕು. ತಿಪಟೂರಿನಿಂದ ಬೆಳಗಿನ ರೈಲಿಗೆ ಬಂದ ಸ್ಟುಡಿಯೋ ಮಾಲೀಕರೊಬ್ಬರು ಒಂದೂವರೆ ಲಕ್ಷದ ಕ್ಯಾಮೆರಾಕ್ಕೆ ಮಧ್ಯಾಹ್ನದವರೆಗೆ ಚೌಕಾಸಿ ನಡೆಸಿ ಒಂದೂವರೆ ಸಾವಿರ ಇಳಿಸಿದ್ದಾರೆ. ಮುಖದಲ್ಲಿ ಗೆಲುವಿನ ಕಳೆ.

"ಅಣ್ಣ, ಬ್ಯಾಗು?"

"ಯಾಕಪ್ಪಾ, ಡಬ್ಬಿ ಜೊತೆ ಬರಲ್ವಾ?"

"ಅದು ಹೋದ ತಿಂಗಳ ಆಫರಣ್ಣ. ಕಾರ್ಡು ಹೇಗೆ? ನಿಮ್ಮ ಹಳೇ ಕಾರ್ಡಿನ ಸ್ಪೀಡು ಇದಕ್ಕೆ ಸಾಲಲ್ಲ. ಲೆನ್ಸಿಗೊಂದು ಯುವಿ ಫಿಲ್ಟರ್ ಹಾಕ್ಕೊಂಡುಬಿಡಿ. ಮದುವೆ ಮನೆ, ಅಕ್ಷತೆ ಬೀಳುತ್ತೆ."

ಅಕ್ಷತೆ ಬಿದ್ದು ಲೆನ್ಸ್ ಒಡೆದ ಮದುವೆ ಎಲ್ಲೂ ನಡೆದಿಲ್ಲ. ಆದರೂ ಫಿಲ್ಟರ್ ಬಂತು. ಹಿಂದೆಯೇ ಸ್ಕ್ರೀನ್ ಗಾರ್ಡು, ಎಕ್ಸ್‌ಟ್ರಾ ಬ್ಯಾಟರಿ, ಎಕ್ಸ್‌ಟೆಂಡೆಡ್ ವಾರಂಟಿ. ಇಳಿಸಿದ ಒಂದೂವರೆ ಸಾವಿರ ಬ್ಯಾಗಿನ ಜಿಪ್ ಎಳೆಯುವುದರೊಳಗೆ ಸ್ವಸ್ಥಾನ ಸೇರಿತು. ಕ್ಯಾಮೆರಾದಲ್ಲಿ ಏನೂ ಗಿಟ್ಟದ ಡೀಲರು ಕ್ಯಾಮೆರಾ ಒರೆಸುವ ಬಟ್ಟೆಯಲ್ಲೇ ಮಗಳ ಮದುವೆ ಮಾಡಬಲ್ಲ.

ಕಂತಿನ ವಿಚಾರ ಬಂದರೆ ಅದು 'ನೋ ಕಾಸ್ಟ್'. 2013ರಲ್ಲಿ ರಿಸರ್ವ್ ಬ್ಯಾಂಕು, ಬಡ್ಡಿಯನ್ನು ಬಚ್ಚಿಟ್ಟು 'ಸೊನ್ನೆ ಬಡ್ಡಿ' ಅನ್ನಬೇಡಿ ಅಂತ ಬ್ಯಾಂಕುಗಳ ಕಿವಿ ಹಿಂಡಿತ್ತು. ಬ್ಯಾಂಕುಗಳು ವಿಧೇಯವಾಗಿ ಸೊನ್ನೆಯನ್ನು ಕೈಬಿಟ್ಟವು. ಈಗ ಬಡ್ಡಿಯಷ್ಟನ್ನು ಮೊದಲು ರಿಯಾಯಿತಿ ಅಂತ ಕೊಟ್ಟು, ಆಮೇಲೆ ಬಡ್ಡಿ ಅಂತ ವಾಪಸು ಪಡೆಯುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಮಾತ್ರ ನಿಮ್ಮವು. ಅವನ್ನು 'ಕಾಸ್ಟ್' ಅನ್ನುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಇನ್ನು ಆಫರಿನ ಪಂಚಾಂಗ. ಯುಗಾದಿ, ಆಷಾಢ, ಆಗಸ್ಟ್ 15, ನಾಲ್ಕು ದಿನ ಬಿಟ್ಟು 19ಕ್ಕೆ ವಿಶ್ವ ಛಾಯಾಗ್ರಹಣ ದಿನ, ಗಣೇಶ, ದಸರಾ, ದೀಪಾವಳಿ, ವರ್ಷದ ಕೊನೆ. ಆಷಾಢದಲ್ಲಿ ಮದುವೆ ಇಲ್ಲ, ಫೋಟೋಗ್ರಾಫರ ಕೈಯಲ್ಲಿ ಕಾಸಿಲ್ಲ. ರಿಯಾಯಿತಿ ಮಾತ್ರ ಸುರಿಯುತ್ತದೆ. ಮುಹೂರ್ತಗಳು ಶುರುವಾಗಿ ಅಡ್ವಾನ್ಸ್ ಕೈಗೆ ಬಂದ ಹೊತ್ತಿಗೆ "ಸ್ಟಾಕಿಲ್ಲ ಸಾರ್, ಮುಂದಿನ ವಾರ". ಪ್ರತಿ ಆಫರೂ 'ಈ ತಿಂಗಳ 31ರವರೆಗೆ ಮಾತ್ರ', ಮುಂದಿನ ತಿಂಗಳು 30ರವರೆಗೆ ಮಾತ್ರ. ಬೆಲೆಯನ್ನೇ ಇಳಿಸಿಬಿಡಬಾರದೇ ಅಂತ ಕೇಳಿದರೆ ಕಂಪನಿಯವರು ಗಂಭೀರರಾಗುತ್ತಾರೆ: ಹಾಗೆ ಮಾಡಿದರೆ ಬ್ರ್ಯಾಂಡಿನ ಮರ್ಯಾದೆ ಏನಾಗಬೇಕು? ಆಫರ್ ಇಲ್ಲದ ದಿನಗಳೂ ಇಲ್ಲದಿಲ್ಲ. ನೀವು ಬಿಲ್ ಮಾಡಿಸಿದ ಮಧ್ಯಾಹ್ನದಿಂದ ಹೊಸ ಆಫರ್ ಹೊರಬೀಳುವ ಸಂಜೆಯವರೆಗೆ.

ಈ ವ್ಯಾಪಾರದಲ್ಲಿ ನನಗೆ ಬಹಳ ಇಷ್ಟವಾದದ್ದು 'ಪ್ರೈಸ್ ಪ್ರೊಟೆಕ್ಷನ್'. ಕಂಪನಿ ದಿಢೀರನೆ ಬೆಲೆ ಇಳಿಸಿದರೆ, ಡೀಲರ ಗೋಡೌನಿನಲ್ಲಿ ಕೂತ ಮಾಲಿನ ಸೀರಿಯಲ್ ನಂಬರ್ ನೋಡಿ ನಷ್ಟ ತುಂಬಿಕೊಡುವ ವ್ಯವಸ್ಥೆ. ಮಾರಾಟವಾಗದ ಕ್ಯಾಮೆರಾಕ್ಕೆ ರಕ್ಷಣೆ ಉಂಟು. ಮಾರಾಟವಾದ ಕ್ಯಾಮೆರಾ ಅನಾಥ. ಹಿಂದಿನ ವಾರ ಕೊಂಡ ತಿಪಟೂರಿನವರ ಕ್ಯಾಮೆರಾ ಆ ರಾತ್ರಿಯೇ ಹದಿನೈದು ಸಾವಿರ ಕಳೆದುಕೊಂಡಿರುತ್ತದೆ. ಅದು ಬೀರುವಿನಲ್ಲೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಸರ್ಕಾರವೂ ಹೀಗೆ ಒಮ್ಮೆ ಕೈಯಾಡಿಸಿದ್ದುಂಟು. 2018ರ ಡಿಸೆಂಬರ್ 22ರಂದು ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾದ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿತು, ಜನವರಿ 1ರಿಂದ ಜಾರಿ. 21ನೇ ತಾರೀಖು ಕೊಂಡವರು ದೇಶಸೇವೆ ಮಾಡಿದ್ದೇವೆ ಅಂದುಕೊಳ್ಳಬೇಕಾಯಿತು.

ಆದಾಯ ತೆರಿಗೆಯವರ ಲೆಕ್ಕದಲ್ಲಿ ಕ್ಯಾಮೆರಾ ಒಂದು ಯಂತ್ರ, ವರ್ಷಕ್ಕೆ ಶೇ. 15 ಸವೆಯುತ್ತದೆ. ಎಷ್ಟು ಮುಗ್ಧ ಇಲಾಖೆ! ಅಷ್ಟು ಸವೆತ ಡಬ್ಬಿಯ ಸೀಲ್ ಕಿತ್ತಾಗಲೇ ಆಗಿಹೋಗುತ್ತದೆ. ಮಾರಲು ಹಾಕಿ ನೋಡಿ. ಮೊದಲ ಮೆಸೇಜು "ಲಾಸ್ಟ್ ಪ್ರೈಸ್?" ನಮಸ್ಕಾರ ಇಲ್ಲ, ಫೋಟೋ ನೋಡಿದ್ದೂ ಇಲ್ಲ. ಆಮೇಲೆ ಬಿಲ್ ಇದೆಯಾ, ಡಬ್ಬಿ ಇದೆಯಾ, ಶಟರ್ ಕೌಂಟ್ ಎಷ್ಟು, ಅಂದರೆ ಈವರೆಗೆ ಎಷ್ಟು ಸಲ ಕ್ಲಿಕ್ಕಿಸಿದ್ದೀರಿ ಅಂತ ಹುಡುಗನ ಜಾತಕ ಕೇಳುವಷ್ಟು ವಿಚಾರಣೆ. 2017ರಲ್ಲಿ ಎರಡೂವರೆ ಲಕ್ಷ ದಾಟಿದ ಬೆಲೆಗೆ ಬಂದ ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ನಿಕಾನ್ ಡಿ850ರ ಶಟರ್ ಎರಡು ಲಕ್ಷ ಸಲ ಬಡಿಯುವಂತೆ ಪರೀಕ್ಷೆಯಾದದ್ದು. ಮರುವರ್ಷವೇ ಅದೇ ನಿಕಾನ್ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಝಡ್ ಸರಣಿ ತಂದಿತು, ಕ್ಯಾನನ್ ಅಂಥದೇ ಇಒಎಸ್ ಆರ್ ತಂದಿತು. ಶಟರ್ ಇನ್ನೂ ಬಡಿಯುತ್ತಲೇ ಇದೆ, ಕೊಳ್ಳುವವನು "ಡಿಎಸ್‌ಎಲ್‌ಆರಾ?" ಅಂತ ಮೂಗು ಮುರಿಯುತ್ತಾನೆ. ಕ್ಯಾಮೆರಾದೊಳಗೆ ಕನ್ನಡಿ ಇತ್ತೋ ಇಲ್ಲವೋ ಮದುಮಗಳಿಗೆ ಆಲ್ಬಮ್ಮಿನಲ್ಲಿ ಕಾಣುವುದಿಲ್ಲ ಅಂತ ವಾದಿಸಿ ಪ್ರಯೋಜನವಿಲ್ಲ.

ಸೋತು ಅದೇ ಡೀಲರ ಹತ್ತಿರ ಹೋದರೆ ಎಕ್ಸ್‌ಚೇಂಜ್ ಉಂಟು. ಹಳೆಯದಕ್ಕೆ ಕಟ್ಟುವ ಬೆಲೆಯಲ್ಲಿ ಐದು ಸಾವಿರ ಕಡಿಮೆ ಹಿಡಿದು, ಐದು ಸಾವಿರ 'ಎಕ್ಸ್‌ಚೇಂಜ್ ಬೋನಸ್' ಕೊಡುತ್ತಾರೆ. ವಾರ ಕಳೆದ ಮೇಲೆ ನಿಮ್ಮ ಕ್ಯಾಮೆರಾ 'ಪ್ರೀ-ಓನ್ಡ್' ಅನ್ನುವ ಬಿರುದು ಹೊತ್ತು ಗಾಜಿನ ಶೋಕೇಸಿನಲ್ಲಿ ಕೂತಿರುತ್ತದೆ, ಈಗ ಅದಕ್ಕೆ ಮತ್ತೆ ಬೆಲೆ ಬಂದಿದೆ. ನಿಮ್ಮ ಕೈಯಲ್ಲಿದ್ದಷ್ಟು ದಿನ ಮಾತ್ರ ಅದು ಬೆಲೆ ಇಲ್ಲದ್ದಾಗಿತ್ತು.

ಕಂಪನಿ ರಿಯಾಯಿತಿ ಕೊಡದೆ, ಮಾಲನ್ನೂ ಕೊಡದೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಫ್ಯೂಜಿಫಿಲ್ಮ್ ಎಕ್ಸ್100ವಿ ಸಾಕ್ಷಿ. 2020ರಲ್ಲಿ ಅಮೆರಿಕದಲ್ಲಿ 1,399 ಡಾಲರಿಗೆ ಬಂದದ್ದು, ಟಿಕ್‌ಟಾಕ್ ಹುಡುಗರ ಕಣ್ಣಿಗೆ ಬಿದ್ದು, ಅಂಗಡಿಯಲ್ಲಿ ಖಾಲಿಯಾಗಿ, ಸೆಕೆಂಡ್ ಹ್ಯಾಂಡಿನಲ್ಲಿ ಹೊಸದಕ್ಕಿಂತ ದುಬಾರಿಯಾಯಿತು. ಸಿಗುವ ಕ್ಯಾಮೆರಾ ಅಗ್ಗ, ಸಿಗದ ಕ್ಯಾಮೆರಾ ಆಸ್ತಿ.

ಆ ಗಾಳಿ ಈಗ ಪಾಕೆಟ್ ಡಿಜಿಕ್ಯಾಮಿಗೂ ಬೀಸಿದೆ. 2010ರಲ್ಲಿ ಜಪಾನಿನ ಕಂಪನಿಗಳು ಹನ್ನೆರಡು ಕೋಟಿಗೂ ಮೇಲೆ ಡಿಜಿಟಲ್ ಕ್ಯಾಮೆರಾ ಜಗತ್ತಿಗೆ ಕಳಿಸಿದ್ದವು, 2023ರಲ್ಲಿ ಒಂದು ಕೋಟಿಯೂ ಮುಟ್ಟಲಿಲ್ಲ. ಆ ಹನ್ನೆರಡು ಕೋಟಿಯಲ್ಲಿ ಒಂದೊಂದು ನಮ್ಮ ಪ್ರತಿ ಮನೆಯ ಡ್ರಾಯರಿನಲ್ಲೂ ಮಲಗಿದೆ. ಕಾಲೇಜು ಹುಡುಗಿಯರಿಗೆ ಅದರ ಮಸುಕು ಫೋಟೋವೇ ಬೇಕಂತೆ. ಜಯನಗರದ ನಿವೃತ್ತರೊಬ್ಬರು ಹಳೇ ಸಾಮಾನಿನವನಿಗೆ ಕೊಡಲು ಎತ್ತಿಟ್ಟಿದ್ದ ಕ್ಯಾಮೆರಾವನ್ನು ನೋಡಲು ಇಬ್ಬರು ಹುಡುಗಿಯರು ಸ್ಕೂಟರಿನಲ್ಲಿ ಬಂದರು.

"ಅಂಕಲ್, ನಾಲ್ಕು ಸಾವಿರ ಓಕೆ. ಚಾರ್ಜರ್ ಇದೆ ಅಲ್ವಾ?"

ಅಂಕಲ್ ಕನ್ನಡಕ ಸರಿಮಾಡಿಕೊಂಡರು. "ಇದೆಯಮ್ಮಾ, ಅದು ಬೇರೆ ರೇಟು. ಬ್ಯಾಗೂ ಇದೆ, ಹಾಕಲಾ?"